ಸಿಲಿಂಡರು ಬಾಡಿಗೆಯದು, ಉಸಿರು ಸ್ವಂತದ್ದು

ಸಮುದ್ರದಲ್ಲಿ ಮುಳುಗಿ ಹವಳದ ದಿಬ್ಬಗಳನ್ನು ಕಾಣಲೆಂದು ಪರದೇಶಕ್ಕೆ ಹೊರಡುವವನು ವಿಮಾನದ ಟಿಕೇಟು, ವಸತಿ, ದೋಣಿಯ ಬಾಡಿಗೆ ಇವುಗಳಿಗೆ ಕಾಸು ಕಾಸಿನ ಲೆಕ್ಕ ಹಾಕುತ್ತಾನಾದರೂ, ಆ ಹಣವೆಲ್ಲ ವ್ಯರ್ಥವಾಗುವುದಕ್ಕೆ ಅತ್ಯಲ್ಪ ಬೆಲೆಯ ಒಂದು ರಬ್ಬರಿನ ಉಂಗುರ ಸಾಕೆಂಬುದು ಅವನ ಲೆಕ್ಕದಲ್ಲಿ ಸೇರಿರುವುದಿಲ್ಲ. ಕೆಂಪು ಸಮುದ್ರದ ಹುರ್ಗಾದದಲ್ಲಿ ನಾನು ಬಾಡಿಗೆಗೆ ಪಡೆದ ಸಿಲಿಂಡರಿನ ವಾಲ್ವನ್ನು ತೆರೆದೊಡನೆ ಅದರ ಜೀರ್ಣವಾದ ಓ-ರಿಂಗು ಹೊರಕ್ಕೆ ಚಿಮ್ಮಿತು. ಬದಲಿ ಉಂಗುರ ದೋಣಿಯಲ್ಲಿರಲಿಲ್ಲ. ಜೊತೆಯವರು ನೀರಿಗಿಳಿದರು, ನಾನು ದೋಣಿಯ ಅಟ್ಟದ ಮೇಲೆ ಕುಳಿತೆ. ತೆತ್ತ ಶುಲ್ಕವನ್ನು ಮರಳಿಸುವ ಪದ್ಧತಿ ಅಲ್ಲಿರಲಿಲ್ಲ.

ಈ ಅವಘಡದ ಮೂಲ ವಾಲ್ವಿನ ರಚನೆಯಲ್ಲಿದೆ. ಅಮೆರಿಕ, ಕೆರಿಬಿಯನ್ ದ್ವೀಪಗಳು, ಥಾಯ್ಲೆಂಡ್ ಮುಂತಾದೆಡೆ ರೂಢಿಯಲ್ಲಿರುವ ಯೋಕ್ ವಿಧಾನದಲ್ಲಿ, ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಒದಗಿಸುವ ರೆಗ್ಯುಲೇಟರು ವಾಲ್ವನ್ನು ಹೊರಗಿನಿಂದ ಅಪ್ಪಿ ಹಿಡಿಯುತ್ತದೆ, ಓ-ರಿಂಗು ಸಿಲಿಂಡರಿನ ವಾಲ್ವಿನ ಮುಖದಲ್ಲಿರುತ್ತದೆ; ಆದುದರಿಂದ ನೂರಾರು ಅಪರಿಚಿತರ ಕೈಯಲ್ಲಿ ಸವೆದ ಅದರ ಆರೋಗ್ಯವೆಲ್ಲ ಅಂಗಡಿಯವನ ಶ್ರದ್ಧೆಗೆ ಅಧೀನ. ಜರ್ಮನಿಯಲ್ಲಿಯೂ ಉತ್ತರ ಯುರೋಪಿನಲ್ಲಿಯೂ ಪ್ರಚಲಿತವಾದ ಡಿನ್ ವಿಧಾನದಲ್ಲಾದರೋ ರೆಗ್ಯುಲೇಟರು ವಾಲ್ವಿನೊಳಕ್ಕೆ ತಿರುಪಿನಂತೆ ಇಳಿಯುವುದರಿಂದ ಉಂಗುರ ಒಳಗೆ ಬಂಧಿತವಾಗುತ್ತದೆ, ಮಿಗಿಲಾಗಿ ಅದು ರೆಗ್ಯುಲೇಟರಿನಲ್ಲೇ ಇರುವುದರಿಂದ, ರೆಗ್ಯುಲೇಟರು ನಮ್ಮದಾದರೆ ಅದೂ ನಮ್ಮ ಸ್ವಂತದ್ದಾಗಿರುತ್ತದೆ. ಯೋಕಿನ ಮಿತಿ 232 ಬಾರ್ ಒತ್ತಡ. ಡಿನ್‌ನಲ್ಲಿ 300 ಬಾರಿನ ಮಾದರಿಯೂ ಉಂಟು. ಕೆಂಪು ಸಮುದ್ರ, ಮಾಲ್ಡೀವ್ಸ್‌ಗಳಲ್ಲಿ ಹಲವು ವಾಲ್ವುಗಳ ಬಾಯಲ್ಲಿರುವ ಒಳತುಂಡನ್ನು 8 ಮಿಲಿಮೀಟರಿನ ಅಲೆನ್ ಕೀಯಿಂದ ಬಿಚ್ಚಿದರೆ ಯೋಕ್ ವಾಲ್ವೇ ಡಿನ್ ಆಗುತ್ತದೆ.

ಆದುದರಿಂದ ನಾನಾ ದೇಶಗಳ ನೀರಿಗಿಳಿಯುವ ಹವ್ಯಾಸವುಳ್ಳವನು ಡಿನ್ ರೆಗ್ಯುಲೇಟರನ್ನೇ ಕೊಂಡು, ಯೋಕಿಗೆ ಹೊಂದಿಸುವ ಒಂದು ಅಡಾಪ್ಟರನ್ನೂ ಎರಡು ಅಳತೆಯ ಓ-ರಿಂಗುಗಳನ್ನೂ ಅಲೆನ್ ಕೀಯನ್ನೂ ಚೀಲದಲ್ಲಿಟ್ಟುಕೊಳ್ಳುವುದು ಲಾಭದಾಯಕವೆಂದು ನನ್ನ ಮತ. (ಅಡಾಪ್ಟರು ತೊಡಿಸಿದಾಗ ರೆಗ್ಯುಲೇಟರು ಹಿಂದಕ್ಕೆ ಚಾಚಿ ಆಗಾಗ್ಗೆ ತಲೆಗೆ ತಾಗುವುದೆಂಬುದನ್ನು ಮಾರುವವರು ಹೇಳುವುದಿಲ್ಲ.) ಆದರೆ ರೆಗ್ಯುಲೇಟರನ್ನು ಕೊಳ್ಳುವುದೆಂದರೆ ಜಮೀನಿನ ಕಂದಾಯವನ್ನು ತಲೆಗೆ ಕಟ್ಟಿಕೊಂಡಂತೆ: ಬಳಸಿದರೂ ಬಳಸದಿದ್ದರೂ ಅದರ ರಬ್ಬರು ಮುಪ್ಪಾಗುತ್ತದೆ, ತಯಾರಕರು ವಿಧಿಸಿದ ಅವಧಿಗೊಮ್ಮೆ ಸರ್ವೀಸಿನ ವೆಚ್ಚ ತಪ್ಪುವುದಿಲ್ಲ. ಮುರುಡೇಶ್ವರದೆದುರಿನ ನೇತ್ರಾಣಿಯಲ್ಲಿ ಎಂದೋ ಒಮ್ಮೆ ಮುಳುಗಿ ತೃಪ್ತನಾಗುವವನಿಗೆ ಈ ಖರ್ಚು ಅನವಶ್ಯಕ. ಅವನಿಗೆ ಬಾಡಿಗೆಯೇ ಯೋಗ್ಯ.

ಸಿಲಿಂಡರನ್ನು ಕೊಳ್ಳುವ ಮಾತು ಬೇಡ. ಸುಮಾರು 11 ಲೀಟರಿನ ಅಲ್ಯೂಮಿನಿಯಮ್ ಸಿಲಿಂಡರನ್ನು ವಿಮಾನದಲ್ಲಿ ಹೊತ್ತೊಯ್ಯುವುದು ವಿವೇಕವಲ್ಲ. ಬಾಡಿಗೆಗೆ ಪಡೆದ ಸಿಲಿಂಡರಿನ ಹೆಗಲಿನ ಮೇಲೆ ಅಚ್ಚೊತ್ತಿದ ಒತ್ತಡ ಪರೀಕ್ಷೆಯ ದಿನಾಂಕವನ್ನು ಓದುವುದಕ್ಕೆ ಮಾತ್ರ ಖರ್ಚಿಲ್ಲ. ಅಮೆರಿಕದಲ್ಲಿ ಆ ಪರೀಕ್ಷೆ 5 ವರ್ಷಕ್ಕೊಮ್ಮೆ ನಡೆಯತಕ್ಕದ್ದು. ಮುಂಗಡ ಹಣ ಕಳಿಸುವ ಮುನ್ನ ಬಾಡಿಗೆಯ ಅಂಗಡಿಯವರನ್ನು, ತಮ್ಮಲ್ಲಿರುವುದು ಯಾವ ವಾಲ್ವು, ದೋಣಿಯಲ್ಲಿ ಬದಲಿ ಓ-ರಿಂಗುಗಳಿವೆಯೇ ಎಂದು ಬರೆದು ಕೇಳಿರಿ. ಉತ್ತರ ಬಾರದಿದ್ದರೆ ಹಣ ಕಳಿಸಬೇಡಿರಿ.