ಮುಂಬಯಿಯ ದೀರ್ಘ ಓಟ: ಓಡಿ ಬಂದವರಿಂದ ನಾವು ಕಲಿತದ್ದು

ಸಂಕ್ರಾಂತಿ ಕಳೆದ ಕೆಲವೇ ದಿನಗಳಲ್ಲಿ, ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ, ಮುಂಬಯಿ ಮಹಾನಗರದಲ್ಲಿ ಮ್ಯಾರಥಾನ್ ಓಟ ನಡೆಯುತ್ತದೆ. 2004ರಲ್ಲಿ ಆರಂಭವಾದ ಈ ಓಟಕ್ಕೆ ನಮ್ಮ ಕಡೆಯಿಂದಲೂ ಹೋಗುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದನ್ನು ನಮ್ಮ ಚಿಕಿತ್ಸಾಲಯದಲ್ಲಿಯೇ ಕಾಣುತ್ತಿದ್ದೇವೆ. ಹಿಂದೆ ಮೊಣಕಾಲು ನೋವೆಂದು ಬರುತ್ತಿದ್ದವರು ಹೊಲದಲ್ಲಿ ದುಡಿದವರು. ಈಗ ಅವರ ಪಕ್ಕದಲ್ಲಿ ಬಣ್ಣದ ಬೂಟು ತೊಟ್ಟ ಓಟಗಾರರೂ ಕುಳಿತಿರುತ್ತಾರೆ. ಪೂರ್ಣ ಓಟದ ದೂರ 42.195 ಕಿಲೋಮೀಟರ್, ಅರ್ಧ ಓಟದ್ದು ಅದರ ಅರ್ಧ. ಈ ವಿಚಿತ್ರ ಅಳತೆ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಂದು 1921ರಲ್ಲಿ ಶಾಶ್ವತವಾಯಿತು. ದೇಹಧರ್ಮವನ್ನು ನೋಡಿ ಯಾರೂ ಇದನ್ನು ನಿಗದಿಪಡಿಸಲಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ನಮ್ಮ ಮಗಳ ಮನೆ ಮುಂಬಯಿಯ ದಾದರಿನಲ್ಲಿದೆ. ಅಳಿಯಂದಿರು ಹಲವು ವರ್ಷಗಳಿಂದ ಅರ್ಧ ಓಟ ಓಡುತ್ತಾರೆ. ಒಂದು ವರ್ಷ ನಾವೂ ಬೆಳಗಿನ ಜಾವ ಎದ್ದು ಶಿವಾಜಿ ಪಾರ್ಕಿನ ಬಳಿ ರಸ್ತೆಯ ಬದಿಗೆ ನಿಂತಿದ್ದೆವು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಎದುರು ಕತ್ತಲಲ್ಲೇ ಹೊರಟವರು ಮರೀನ್ ಡ್ರೈವ್, ಹಾಜಿ ಅಲಿ, ವರ್ಲಿ ದಾಟಿ, ಸಮುದ್ರದ ಮೇಲಿನ ಸೇತುವೆಯಿಂದ ಬಾಂದ್ರಾ ಮುಟ್ಟಿ, ಮಾಹಿಮ್ ಮಾರ್ಗವಾಗಿ ಮರಳುತ್ತಾರೆ. ಉಳಿದ ದಿನಗಳಲ್ಲಿ ಆ ಸೇತುವೆಯ ಮೇಲೆ ಕಾಲ್ನಡಿಗೆಗೆ ಅನುಮತಿಯಿಲ್ಲ. ಸೂರ್ಯೋದಯದ ಹೊತ್ತಿಗೆ ಎರಡೂ ಕಡೆ ನೀರು, ಕೇಳುವುದು ಸಾವಿರಾರು ಹೆಜ್ಜೆಗಳ ಸದ್ದು ಮಾತ್ರ. ಆ ಅರ್ಧ ಗಂಟೆಗಾಗಿಯೇ ವರ್ಷವಿಡೀ ಅಭ್ಯಾಸ ಮಾಡುತ್ತೇವೆ ಎಂದು ಅನೇಕರು ಹೇಳುವುದನ್ನು ಕೇಳಿದ್ದೇವೆ. ರಸ್ತೆಯ ಬದಿಯಲ್ಲಿ ಗೃಹಿಣಿಯರು ಕಿತ್ತಳೆಯ ತೊಳೆ, ಶೇಂಗಾ ಚಿಕ್ಕಿ, ಬಾಳೆಹಣ್ಣು ಹಿಡಿದು ನಿಂತಿದ್ದರು. ಗುರುತು ಪರಿಚಯವಿಲ್ಲದವರ ಬಾಯಿಗೆ ತಾಯಿಯಂತೆ ಉಣಿಸುವ ಆ ದೃಶ್ಯ ನಮ್ಮ ಕಣ್ಣಿನಿಂದ ಮರೆಯಾಗಿಲ್ಲ.

ನಮ್ಮ ತಾಲೂಕಿನ ಪ್ರೌಢಶಾಲೆಯ ದೈಹಿಕ ಶಿಕ್ಷಕರೊಬ್ಬರು ಮೊದಲ ಬಾರಿ ಪೂರ್ಣ ಓಟ ಓಡಿ ಬಂದು ಹೇಳಿದ ಸಂಗತಿ ಇದು. ಆರಂಭದ ಜನಸಂದಣಿ, ವಾದ್ಯ, ಜಯಘೋಷಗಳ ಉತ್ಸಾಹದಲ್ಲಿ ಅವರು ತಾವು ಅಭ್ಯಾಸ ಮಾಡಿದ್ದಕ್ಕಿಂತ ವೇಗವಾಗಿ ಮೊದಲ ಹತ್ತು ಕಿಲೋಮೀಟರ್ ಓಡಿದರು. ಕಾಲುಗಳಿಗೆ ಭಾರವೇ ತಿಳಿಯಲಿಲ್ಲ. ಮೂವತ್ತು ದಾಟಿದ ಬಳಿಕ ಯಾರೋ ದೀಪ ಆರಿಸಿದಂತೆ ಶಕ್ತಿ ನಿಂತುಹೋಯಿತು. ಸುಮಾರು ಮೂವತ್ತಾರನೆಯ ಕಿಲೋಮೀಟರಿನಲ್ಲಿ ಪೆಡ್ಡರ್ ರಸ್ತೆಯ ಏರು ಎದುರಾಗುತ್ತದೆ. ಅಷ್ಟು ಹೊತ್ತಿಗೆ ಬಿಸಿಲು ಏರಿರುತ್ತದೆ, ಕಡಲೂರಿನ ಗಾಳಿಯಲ್ಲಿ ಬೆವರು ಆರುವುದಿಲ್ಲ. ಆ ಏರಿನಲ್ಲಿ ಕಾರಣವಿಲ್ಲದೆ ಕಣ್ಣೀರು ಬಂತು ಎಂದರು. ಕಾರಣವಿದೆ. ಮಾಂಸಖಂಡಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಟ್ಟ ಶರ್ಕರ ಸುಮಾರು 400ರಿಂದ 500 ಗ್ರಾಂ ಮಾತ್ರ. ವೇಗ ಹೆಚ್ಚಿದಷ್ಟೂ ಅದು ಬೇಗ ವ್ಯಯವಾಗುತ್ತದೆ. ಹೆಚ್ಚಿನವರಲ್ಲಿ ಮೂವತ್ತರ ಆಸುಪಾಸಿನಲ್ಲಿ ಬುತ್ತಿ ಬರಿದಾಗುತ್ತದೆ. ಆಮೇಲೆ ದೇಹ ಮುಖ್ಯವಾಗಿ ಮೇದಸ್ಸನ್ನೇ ಉರಿಸಬೇಕು, ಅದು ನಿಧಾನದ ಇಂಧನ. ಮೆದುಳಿಗೂ ಶರ್ಕರದ ಕೊರತೆಯಾದಾಗ ಮನಸ್ಸು ಕುಗ್ಗುತ್ತದೆ. ಮೊದಲ ಹತ್ತು ಕಿಲೋಮೀಟರನ್ನು ತಡೆದು ಓಡುವುದು, ದಾರಿಯಲ್ಲಿ ಬಾಳೆಹಣ್ಣು, ಖರ್ಜೂರ, ಬೆಲ್ಲದಂಥವನ್ನು ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ಸೇವಿಸುವುದು, ಇವೆರಡನ್ನು ಬಿಟ್ಟು ಇದಕ್ಕೆ ಬೇರೆ ಔಷಧವನ್ನು ನಾವು ಅರಿಯೆವು. ಓಟದ ದಿನವೇ ಹೊಸ ಆಹಾರವನ್ನು ಪರೀಕ್ಷಿಸಬಾರದು. ಅಭ್ಯಾಸದ ದಿನಗಳಲ್ಲಿ ಒಗ್ಗಿದ್ದನ್ನೇ ಒಯ್ಯಬೇಕು.

ಇನ್ನು ಹೇಳಲು ನಮಗೆ ಸಂಕೋಚವಾಗುವ ಸಂಗತಿ.

ಧಾನ್ಯದ ದಲಾಲಿ ಅಂಗಡಿಯ ಯಜಮಾನರೊಬ್ಬರು, ಐವತ್ತಾರು ವಯಸ್ಸು, ನಮ್ಮಲ್ಲಿ ಬಹುಕಾಲದಿಂದ ಚಿಕಿತ್ಸೆ ಪಡೆಯುತ್ತಿರುವವರು. ಓಟಕ್ಕೆ ಹೋಗುವ ಮುನ್ನ ಬಂದರು. ಹೃದಯ ತಜ್ಞರಲ್ಲಿಗೆ ಕಳುಹಿಸಿ ಇ.ಸಿ.ಜಿ., ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದೆವು, ಎಲ್ಲವೂ ಸರಿಯಿತ್ತು. ಹೊರಡುವಾಗ ನಾವು, “ಮುಂಬಯಿಯ ಸೆಕೆ ನಿಮಗೆ ರೂಢಿಯಿಲ್ಲ, ಎಲ್ಲಿಯೂ ನೀರು ಕಡಿಮೆ ಮಾಡಬೇಡಿ, ಬಾಯಾರಲಿ ಬಾಯಾರದಿರಲಿ ಕುಡಿಯುತ್ತಲೇ ಇರಿ” ಎಂದೆವು. ಅವರು ವಿಧೇಯರು. ನಿಧಾನವಾಗಿ ಓಡಿ ನಡೆದು ಆರು ಗಂಟೆಗೂ ಹೆಚ್ಚು ಕಾಲ ದಾರಿಯಲ್ಲಿದ್ದರು. ನೀರಿನ ಒಂದು ಮೇಜನ್ನೂ ಬಿಡಲಿಲ್ಲ. ಕೊನೆಯ ಭಾಗದಲ್ಲಿ ಬೆರಳು ಊದಿ ಉಂಗುರ ಬಿಗಿಯಾಯಿತು, ತಲೆನೋವು, ವಾಕರಿಕೆ. ನೀರು ಸಾಲದೆಂದು ಭಾವಿಸಿ ಮತ್ತಷ್ಟು ಕುಡಿದರು. ಪದಕ ಧರಿಸಿ ಬೀಗರ ಮನೆಗೆ ಬಂದವರು ವಾಂತಿ ಮಾಡಿಕೊಂಡು, ಸಂಜೆಯ ಹೊತ್ತಿಗೆ ಮಗನನ್ನೇ ಗುರುತಿಸದಾದರು. ಆಸ್ಪತ್ರೆಯಲ್ಲಿ ರಕ್ತದ ಸೋಡಿಯಂ ನೋಡಿದಾಗ 124. ಇರಬೇಕಾದದ್ದು 135ರಿಂದ 145. ಅಲ್ಲಿಯ ವೈದ್ಯರು ಎಚ್ಚರಿಕೆಯಿಂದ ಗಾಢ ಲವಣದ್ರಾವಣ ನೀಡಿ ಎರಡು ದಿನ ಇರಿಸಿಕೊಂಡು ಕಳುಹಿಸಿದರು. ಊರಿಗೆ ಬಂದ ಮೇಲೆ ನಮ್ಮೆದುರು ಕುಳಿತು, “ಡಾಕ್ಟ್ರ, ನೀವು ಹೇಳಿದ್ದನ್ನ ಒಂದೂ ತಪ್ಪಿಸಿಲ್ರಿ” ಎಂದರು. ಅದರಲ್ಲಿ ದೂರಿರಲಿಲ್ಲ. ಆದುದರಿಂದಲೇ ಆ ಮಾತು ನಮ್ಮನ್ನು ಹೆಚ್ಚು ಚುಚ್ಚಿತು.

ನಡೆದದ್ದೇನು? ದೀರ್ಘಶ್ರಮದಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನು ದೇಹದಲ್ಲಿ ಹೆಚ್ಚುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಬೆವರಿನಲ್ಲಿ ಹೋಗುವುದಕ್ಕಿಂತ ಹೆಚ್ಚು ನೀರು ಒಳಗೆ ಬಂದರೆ ಅದು ಹೊರಹೋಗಲಾರದೆ ರಕ್ತದ ಲವಣವನ್ನು ತೆಳುವಾಗಿಸುತ್ತದೆ. ಆಗ ಮೆದುಳಿನ ಜೀವಕೋಶಗಳು ಊದಿಕೊಳ್ಳುತ್ತವೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಮೂವರಲ್ಲಿ ಪ್ರಾಣಾಪಾಯದ ಮಟ್ಟಕ್ಕೆ ಇಳಿದಿತ್ತು. ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಓಡಿದವರು ಮತ್ತು ಓಟದಲ್ಲಿ ತೂಕ ಹೆಚ್ಚಿಸಿಕೊಂಡವರು ಇದಕ್ಕೆ ಹೆಚ್ಚಾಗಿ ತುತ್ತಾಗಿದ್ದರು. ಓಡಿದವನ ತೂಕ ಇಳಿಯಬೇಕೇ ಹೊರತು ಏರಬಾರದು. ಲವಣ ಬೆರೆಸಿದ ಪಾನೀಯವಾದರೂ ಮಿತಿಮೀರಿ ಕುಡಿದರೆ ಇದೇ ಅಪಾಯ.

ನಮ್ಮ ನಾಚಿಕೆಗೆ ಇನ್ನೊಂದು ಕಾರಣವಿದೆ. ಸ್ವಸ್ಥನಾದವನು ಕೂಡ ಗ್ರೀಷ್ಮ ಮತ್ತು ಶರದೃತುಗಳನ್ನು ಬಿಟ್ಟು ಉಳಿದ ಕಾಲದಲ್ಲಿ ನೀರನ್ನು ಅಲ್ಪವಾಗಿಯೇ ಕುಡಿಯಬೇಕೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ವಿದ್ಯಾರ್ಥಿದೆಸೆಯಲ್ಲಿ ಕಂಠಪಾಠ ಮಾಡಿದ ಮಾತದು. ತೃಷ್ಣೆ ದೇಹದ ಹದಿಮೂರು ಸಹಜ ವೇಗಗಳಲ್ಲಿ ಒಂದು. ಅದನ್ನು ತಡೆಯಬಾರದು ಎಂಬಷ್ಟೇ ಅರ್ಥ ಮಾಡಿಕೊಂಡಿದ್ದೆವು. ಅದು ಇಲ್ಲದಿರುವಾಗ ಒತ್ತಾಯದಿಂದ ಕುಡಿಯುವುದೂ ದೇಹದ ಮಾತನ್ನು ಮೀರಿದಂತೆಯೇ ಎಂಬುದು ಆ ಯಜಮಾನರು ಎದುರು ಕುಳಿತಾಗ ಹೊಳೆಯಿತು. ಈಗ ನಾವು ಓಟಗಾರರಿಗೆ ಹೇಳುವುದು ಇಷ್ಟೇ: ಬಾಯಾರಿದಾಗ ಕುಡಿಯಿರಿ, ಬಾಯಾರಿದಷ್ಟು ಕುಡಿಯಿರಿ. ಬೆರಳು ಊದಿದರೆ, ತಲೆನೋವು ವಾಕರಿಕೆ ಬಂದರೆ ನೀರನ್ನು ನಿಲ್ಲಿಸಿ ವೈದ್ಯಕೀಯ ಡೇರೆಗೆ ಹೋಗಿರಿ. ಹಾಗೆಂದು ಬಿಸಿಲಿನಲ್ಲಿ ನೀರನ್ನೇ ಬಿಟ್ಟು ಓಡುವ ಶೌರ್ಯವೂ ಬೇಡ, ಉಷ್ಣಾಘಾತವೂ ಕೊಲ್ಲುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯಕ್ಕೆ ವೇಗಗಳನ್ನು ತಡೆಯದಿರುವ ವಿಷಯದಿಂದಲೇ ಹೆಸರು ಬಂದಿದೆ. ವ್ಯಾಯಾಮದ ಚರ್ಚೆಯೂ ಅದೇ ಅಧ್ಯಾಯದಲ್ಲಿರುವುದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. ಅಳಿಯಂದಿರು ಒಮ್ಮೆ ಸಮಯ ಹಾಳಾದೀತೆಂದು ಎರಡು ಗಂಟೆಗಳ ಕಾಲ ಮೂತ್ರವನ್ನು ತಡೆದು ಓಡಿ, ವಾರವಿಡೀ ಉರಿಯಿಂದ ನರಳಿದರು. ಶ್ರಮದಿಂದ ಬಂದ ಏದುಸಿರನ್ನು ಅದುಮುವುದನ್ನೂ ಅದೇ ಪಟ್ಟಿ ನಿಷೇಧಿಸುತ್ತದೆ. ಛಾಯಾಚಿತ್ರಗಾರರನ್ನು ಕಂಡೊಡನೆ ಉಸಿರು ಬಿಗಿಹಿಡಿದು ನಗುವವರು ಇದನ್ನು ಗಮನಿಸಬೇಕು. ರೂಢಿಯನ್ನು ಬಿಡುವಾಗ, ಹೊಸದನ್ನು ಹಿಡಿಯುವಾಗ ಪಾದಾಂಶ ಪಾದಾಂಶವಾಗಿ ಸಾಗಬೇಕೆಂಬ ಕ್ರಮವೂ ಅಲ್ಲಿಯೇ ಇದೆ. ನಾಲ್ಕು ತಿಂಗಳ ಹಿಂದೆ ನಡಿಗೆಯನ್ನೇ ಕಾಣದವರು ಗೆಳೆಯರ ಪಂಥಕ್ಕೆ ಬಿದ್ದು ಪೂರ್ಣ ಓಟಕ್ಕೆ ಹೆಸರು ಬರೆಸುವುದನ್ನು ನಾವು ಒಪ್ಪುವುದಿಲ್ಲ.

ಆಯುರ್ವೇದವು ವ್ಯಾಯಾಮಕ್ಕೆ ಅರ್ಧಶಕ್ತಿಯ ಮಿತಿ ಹಾಕಿದೆ. ಅದೂ ಬಲವಂತನಾಗಿ ಸ್ನಿಗ್ಧಾಹಾರ ಸೇವಿಸುವವನಿಗೆ, ಶೀತಕಾಲ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಅತಿವ್ಯಾಯಾಮದಿಂದ ತೃಷ್ಣೆ, ಕ್ಷಯ, ಶ್ವಾಸ, ರಕ್ತಪಿತ್ತ, ಕಾಸ, ಜ್ವರ, ವಾಂತಿಗಳು ಬರುತ್ತವೆಂದು ಹೇಳಿ, ಮಿತಿಮೀರಿದವನನ್ನು ಆನೆಯನ್ನು ಎಳೆಯಹೋಗಿ ನಾಶವಾಗುವ ಸಿಂಹಕ್ಕೆ ವಾಗ್ಭಟರು ಹೋಲಿಸುತ್ತಾರೆ. ಹಾಗಾದರೆ ಮ್ಯಾರಥಾನ್ ನಿಷಿದ್ಧವೇ ಎಂದು ಆ ಶಿಕ್ಷಕರು ನಮ್ಮನ್ನು ಕೇಳಿದರು. ಪೂರ್ಣ ಓಟದ ದಿನ ಯಾರೂ ಅರ್ಧಶಕ್ತಿಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಮುಚ್ಚಿಡಲಾರೆವು. ಆದರೆ ವರ್ಷದ ಮುನ್ನೂರು ದಿನಗಳ ಅಭ್ಯಾಸವನ್ನು ಅರ್ಧಶಕ್ತಿಯಲ್ಲಿ, ಅಂದರೆ ಹಣೆಯಲ್ಲಿ ಕಂಕುಳಲ್ಲಿ ಬೆವರು ಮೂಡಿ, ಬಾಯಿಂದ ಉಸಿರಾಡಬೇಕೆನಿಸುವಲ್ಲಿಗೆ ನಿಲ್ಲಿಸಿ ಮಾಡಿದವನ ಶಕ್ತಿಯೇ ಬೆಳೆದಿರುತ್ತದೆ. ನಮ್ಮ ಸಲಹೆ ಕೇಳಿದರೆ, ಐವತ್ತು ದಾಟಿದವರಿಗೆ ಅರ್ಧ ಓಟ ಧಾರಾಳ ಸಾಕು.

ಹೃದಯದ ವಿಷಯದಲ್ಲಿ ಭಯವೂ ಬೇಡ, ಉಪೇಕ್ಷೆಯೂ ಬೇಡ. ಅಮೆರಿಕದಲ್ಲಿ 2000ರಿಂದ 2010ರವರೆಗೆ ಪೂರ್ಣ ಹಾಗೂ ಅರ್ಧ ಓಟಗಳಲ್ಲಿ ಪಾಲ್ಗೊಂಡ ಸುಮಾರು 1 ಕೋಟಿ 9 ಲಕ್ಷ ಮಂದಿಯಲ್ಲಿ 59 ಜನರಿಗೆ ಹೃದಯಸ್ತಂಭನವಾಯಿತು, 42 ಮಂದಿ ತೀರಿಕೊಂಡರು. ಪೂರ್ಣ ಓಟದಲ್ಲಿ ಅಪಾಯ ಅರ್ಧ ಓಟದ ಮೂರು ಪಟ್ಟಿಗಿಂತ ಹೆಚ್ಚಿತ್ತು. ನಲವತ್ತು ದಾಟಿದವರು, ಮಧುಮೇಹ, ರಕ್ತದೊತ್ತಡ ಇರುವವರು, ಮನೆತನದಲ್ಲಿ ಅಕಾಲ ಹೃದಯಾಘಾತ ಕಂಡವರು ಪರೀಕ್ಷೆಯಿಲ್ಲದೆ ಓಡಬಾರದು. ಹಿಂದಿನ ವಾರ ಜ್ವರ ಬಂದಿದ್ದರೆ ಆ ವರ್ಷದ ಓಟವನ್ನು ಬಿಡಬೇಕು. ಎದೆ ಬಿಗಿದರೆ ಅಲ್ಲಿಯೇ ನಿಲ್ಲಬೇಕು. ಓಟಕ್ಕೆ ಮುನ್ನ ನೋವಿನ ಮಾತ್ರೆ ನುಂಗುವ ಕೆಟ್ಟ ರೂಢಿ ಮೂತ್ರಪಿಂಡಕ್ಕೆ ಹಾನಿ ತರುತ್ತದೆ.

ಓಟದ ಮರುದಿನ ಮೆಟ್ಟಿಲಿಳಿಯಲು ಹಿಮ್ಮುಖವಾಗಿ ನಡೆಯುವ ಓಟಗಾರರನ್ನು ಕಂಡು ಮಗಳ ಮನೆಯ ಮಕ್ಕಳು ನಗುತ್ತಾರೆ. ಆ ನೋವು ಮೂರು ನಾಲ್ಕು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಬೆಚ್ಚಗಿನ ಎಳ್ಳೆಣ್ಣೆಯನ್ನು ಮೃದುವಾಗಿ ಸವರಿ ಬಿಸಿನೀರಿನ ಸ್ನಾನ ಮಾಡಬೇಕು, ಬಲವಾಗಿ ತಿಕ್ಕಿಸಿಕೊಳ್ಳಬಾರದು. ಹೆಸರುಬೇಳೆಯ ಪಾಯಸ, ತುಪ್ಪದ ಅನ್ನ, ಹಾಲು ಹಿತ. ಆದರೆ ಮೂತ್ರ ಕರಿಬಣ್ಣಕ್ಕೆ ತಿರುಗಿದರೆ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಆಸ್ಪತ್ರೆಗೆ ಹೋಗಬೇಕು. ಛಿದ್ರಗೊಂಡ ಮಾಂಸಖಂಡದ ಅಂಶ ಮೂತ್ರಪಿಂಡವನ್ನು ಕೆಡಿಸುತ್ತಿರಬಹುದು.

ಅಂಗಡಿಯ ಯಜಮಾನರು ಈ ಸಲ ಅರ್ಧ ಓಟಕ್ಕೆ ಹೆಸರು ಬರೆಸಿದ್ದಾರೆ. ಮನೆಯವರು ಬೇಡವೆಂದರು, ನಾವು ಬೇಡವೆನ್ನಲಿಲ್ಲ. ಭಾನುವಾರದ ಅಭ್ಯಾಸಕ್ಕೆ ಮುನ್ನ ಮತ್ತು ನಂತರ ಅಂಗಡಿಯ ತಕ್ಕಡಿಯಲ್ಲಿಯೇ ತೂಗಿಕೊಂಡು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಾರೆ. ಕಳೆದ ವಾರ ತೋರಿಸಿದರು: ಹೋಗುವಾಗ 71 ಕಿಲೋ 400 ಗ್ರಾಂ, ಬಂದಾಗ 70 ಕಿಲೋ 600 ಗ್ರಾಂ. ಬಾಯಾರಿಕೆ ಆಗಿದೆಯೇ ಎಂದು ಕೇಳಿದೆವು. ಸ್ವಲ್ಪ ಆಗಿದೆ ಎಂದರು. ಒಂದು ಲೋಟ ಮಜ್ಜಿಗೆ ತರಿಸಿ ಕೊಟ್ಟೆವು.