ವ್ಯಾಜ್ಯವನ್ನು ಓದುವ ಬಗೆ



ಒಮ್ಮೆ ನಮ್ಮ ಬೋರ್ಡಿಂಗಿನ ಬಾವಿಕಟ್ಟೆಯಲ್ಲಿ ಇಬ್ಬರು ಬಾಲಿಕೆಯರು ಬೆಳಗಿನ ನೀರಿಗಾಗಿ ಜಗಳವಾಡಿದರು. ನಾವು ವಿಚಾರಿಸದೆ ಇಬ್ಬರನ್ನೂ ದಂಡಿಸಿದೆವು. ಗದ್ದಲವು ಅಡಗಿತು, ಹಗೆ ಅಡಗಲಿಲ್ಲ. ಒಬ್ಬಳಿಗೆ ಅಡಿಗೆಮನೆಯ ಪಾಳಿ, ಇನ್ನೊಬ್ಬಳಿಗೆ ಎಳೆಯ ತಂಗಿಯ ಸ್ನಾನ, ಎರಡೂ ಒಂದೇ ಗಳಿಗೆಯಲ್ಲಿ ಎಂಬದು ಆಮೇಲೆ ತಿಳಿಯಿತು. ಪಾಳಿಯನ್ನು ಅರ್ಧ ತಾಸು ಮುಂದಕ್ಕೆ ಹಾಕಿದೆವು, ಸಮಾಧಾನವಾಯಿತು. ಅವಸರದ ತೀರ್ಪು ನಮ್ಮ ತಪ್ಪಾಗಿತ್ತು.

ದೊಡ್ಡ ವ್ಯಾಜ್ಯಗಳನ್ನೂ ಹೀಗೆಯೇ ಓದತಕ್ಕದ್ದು. ನಮಗೆಲ್ಲರಿಗೂ ಪರಿಚಿತವಾದ ಕಾವೇರಿಯ ವ್ಯಾಜ್ಯವನ್ನು ನೋಡೋಣ.

ಮೊದಲನೆಯದಾಗಿ, ಬೇಡಿಕೆಯ ಹಿಂದಿರುವ ಅಗತ್ಯವನ್ನು ತಿಳಿಯಬೇಕು. ಕೊಡಗಿನ ಮಳೆಯು ಜೂನಿನಲ್ಲಿ ಆರಂಭವಾಗುತ್ತದೆ. ನಮ್ಮ ಜಲಾಶಯಗಳು ತುಂಬಲು ಇನ್ನೂ ವಾರಗಳು ಬೇಕು. ಆದರೆ ತಂಜಾವೂರಿನ ಕಡೆಯ ಕುರುವೈ ಬೆಳೆಗೆ ಮೆಟ್ಟೂರಿನ ತೂಬನ್ನು ತೆರೆಯುವ ವಾಡಿಕೆಯ ದಿನವು ಜೂನ್ 12. ಅವರ ಸ್ವಂತ ದೊಡ್ಡ ಮಳೆಯು ಬರುವದು ಅಕ್ಟೋಬರಿನ ತರುವಾಯ. ಆದಕಾರಣ ಜಗಳವು ನೀರಿನ ಪ್ರಮಾಣದ ಕುರಿತಾಗಿರುವಷ್ಟೇ ಕಾಲದ ಕುರಿತೂ ಇದೆ. ಒಳ್ಳೆಯ ಮಳೆಯ ವರುಷಗಳಲ್ಲಿ ಅದು ಮಲಗಿರುತ್ತದೆ, ಬರದಲ್ಲಿ ಏಳುತ್ತದೆ.

ಎರಡನೆಯದಾಗಿ, ಪ್ರತಿಯೊಂದು ಪಕ್ಷದ ನೆನಪನ್ನು ಕೇಳಬೇಕು. 1892 ಮತ್ತು 1924ರಲ್ಲಿ ಮೈಸೂರಿಗೂ ಮದ್ರಾಸಿಗೂ ಆದ ಒಡಂಬಡಿಕೆಗಳು ಒಬ್ಬರಿಗೆ ಹಕ್ಕುಪತ್ರ, ಮತ್ತೊಬ್ಬರಿಗೆ ಬಲವಂತನು ದುರ್ಬಲನಿಂದ ಬರೆಯಿಸಿಕೊಂಡ ಪತ್ರ.

ಮೂರನೆಯದಾಗಿ, ನೋವುಣ್ಣುವವರು ಯಾರೆಂದು ವಿಚಾರಿಸಬೇಕು. 1991ರ ಗಲಭೆಯಲ್ಲಿ ಮನೆಮಠ ಬಿಟ್ಟು ಓಡಿದವರು ಕಾಲುವೆಯ ಲೆಕ್ಕವನ್ನೇ ಅರಿಯದ ಬಡ ಕೂಲಿಯವರು.

ನ್ಯಾಯಾಧಿಕರಣವು 2007ರಲ್ಲಿ 740 ಟಿ.ಎಂ.ಸಿ. ಅಡಿ ನೀರಿನೊಳಗೆ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 14.75ರಷ್ಟು ಹೆಚ್ಚಿಸಿತು. ಅಂಕೆಗಳು ಅವಶ್ಯವೇ, ಆದರೂ ಬರಗಾಲದ ಕೊರತೆಯನ್ನು ಹೊರಲು ನೆರೆಯವನ ಮೇಲೆ ನಂಬಿಕೆಯೂ ಬೇಕು.

ಆ ನಂಬಿಕೆಯನ್ನು ಬೆಳೆಯಿಸುವ ಪ್ರಯತ್ನವೊಂದು 2003ರಲ್ಲಿ ನಡೆಯಿತು. ಹಿಂದಿನ ವರುಷದ ಬರದಲ್ಲಿ ಬೆಂದಿದ್ದ ಎರಡೂ ರಾಜ್ಯಗಳ ರೈತರು ಚೆನ್ನೈಯ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಮುಖಾಂತರ ಒಂದೆಡೆ ಕೂಡಿ, ‘ಕಾವೇರಿ ಕುಟುಂಬ’ವೆಂಬ ಹೆಸರಿನಿಂದ ಮಾತಿಗೆ ಕುಳಿತರು, ಒಬ್ಬರ ಹೊಲಗದ್ದೆಗಳನ್ನು ಮತ್ತೊಬ್ಬರು ಹೋಗಿ ನೋಡಿದರು. ವ್ಯಾಜ್ಯವು ಅದರಿಂದ ತೀರಲಿಲ್ಲ. ಆದರೆ ಒಣಗಿದ ಗದ್ದೆಯನ್ನು ಕಣ್ಣಾರೆ ಕಂಡವನಿಗೆ ಎದುರಾಳಿಯೂ ಸಂಸಾರಸ್ಥನೆಂದು ತಿಳಿಯುತ್ತದೆ.

ಮಧ್ಯೆ ಹೋಗುವವರು ಈ ಕ್ರಮವನ್ನೇ ಹಿಡಿಯಲಿ: ಮೊದಲು ಎರಡೂ ಕಡೆ ಕೇಳುವದು, ಬಳಿಕ ಇಬ್ಬರನ್ನೂ ಕೂಡಿಸುವದು, ಕೈಲಾಗುವ ಒಂದು ಚಿಕ್ಕ ಕೆಲಸವನ್ನು ಗೊತ್ತುಮಾಡುವದು, ಅದರಿಂದ ಕೇಡಾಯಿತೋ ಒಳಿತಾಯಿತೋ ಎಂದು ತಿರುಗಿ ನೋಡುವದು.

ತಾಯಂದಿರೇ, ಮುಂದಿನ ಬರದಲ್ಲಿ ನಿಮ್ಮ ಮಗುವು ಬೀದಿಯಿಂದ ನೆರೆಭಾಷೆಯವರ ಮೇಲಿನ ಬೈಗುಳವೊಂದನ್ನು ಮನೆಗೆ ತಂದರೆ ಗದರಿಸಿ ಸುಮ್ಮನಾಗಬೇಡಿರಿ. ಅವರಿಗೆ ನೀರು ಯಾವ ತಿಂಗಳಲ್ಲಿ, ಯಾತಕ್ಕೆ ಬೇಕೆಂದು ಕೇಳಿರಿ. ಪಾಠವು ಅಲ್ಲಿಂದ ಆರಂಭವಾಗಲಿ.