ಸೆಲ್ಮಾದ ಸೇತುವೆ

ಮತಪತ್ರವು ನೋಡುವುದಕ್ಕೆ ಒಂದು ಕಾಗದದ ಚೂರು. ಆದರೆ ಸಿರಿವಂತನಿಗೂ ಕೂಲಿಕಾರನಿಗೂ ಒಂದೇ ಬೆಲೆಯನ್ನು ಕಟ್ಟುವ ಶಕ್ತಿ ಅದಕ್ಕಿದೆ. ಆದುದರಿಂದಲೇ ಇತರರನ್ನು ತಮ್ಮ ಅಂಕೆಯಲ್ಲಿರಿಸಿಕೊಳ್ಳಬಯಸುವವರು ಮೊದಲು ಕಸಿದುಕೊಳ್ಳುವುದು ಮತದ ಹಕ್ಕನ್ನು. ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನರು ಈ ಹಕ್ಕಿಗಾಗಿ 1965ರಲ್ಲಿ ನಡೆಸಿದ ಹೋರಾಟವೂ, ಆ ಹೋರಾಟವು ದೇಶದ ಅಧ್ಯಕ್ಷರ ಬಾಯಿಂದ ಹೊರಡಿಸಿದ ಮಾತೂ ಇತಿಹಾಸದಲ್ಲಿ ನೆನಪಿಡತಕ್ಕವು.

ಅಮೆರಿಕದಲ್ಲಿ ಗುಲಾಮಗಿರಿಯು 1865ರಲ್ಲಿ ಕೊನೆಗೊಂಡಿತು. 1870ರಲ್ಲಿ ಸಂವಿಧಾನಕ್ಕೆ ಮಾಡಲಾದ ಹದಿನೈದನೆಯ ತಿದ್ದುಪಡಿಯು, ಜನಾಂಗದ ಅಥವಾ ಮೈಬಣ್ಣದ ಕಾರಣದಿಂದ ಯಾರಿಗೂ ಮತದಾನದ ಹಕ್ಕನ್ನು ನಿರಾಕರಿಸಕೂಡದೆಂದು ವಿಧಿಸಿತು. ಆದರೆ ದಕ್ಷಿಣದ ರಾಜ್ಯಗಳು ಕಾಗದದ ಮೇಲಿನ ಹಕ್ಕನ್ನು ಕಾಗದದ ಮೇಲೆಯೇ ಉಳಿಸುವ ಉಪಾಯಗಳನ್ನು ಕಂಡುಕೊಂಡವು. ಅವುಗಳಲ್ಲಿ ಆಲಬಾಮಾ ರಾಜ್ಯವೂ ಒಂದು. ಆ ರಾಜ್ಯದ ಡಲ್ಲಾಸ್ ಎಂಬ ಕೌಂಟಿಯಲ್ಲಿ, ಆಲಬಾಮಾ ನದಿಯ ದಂಡೆಯ ಮೇಲೆ, ಸೆಲ್ಮಾ ಎಂಬ ಊರಿದೆ. ಕೌಂಟಿಯೆಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ. ಅಲ್ಲಿಯ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನಾಂಗದವರು. ಆದರೂ 1965ರ ಆರಂಭದಲ್ಲಿ ಮತದಾನದ ವಯಸ್ಸಿನ ಕಪ್ಪು ಜನರ ಪೈಕಿ ನೂರಕ್ಕೆ ಸುಮಾರು ಇಬ್ಬರ ಹೆಸರು ಮಾತ್ರ ಮತದಾರರ ಪಟ್ಟಿಯಲ್ಲಿತ್ತು.

ಇದು ಹೇಗೆ ಸಾಧ್ಯವಾಯಿತು? ಹೆಸರು ನೋಂದಾಯಿಸುವ ಕಚೇರಿಯು ತಿಂಗಳಿಗೆ ಎರಡು ದಿನ ಮಾತ್ರ ತೆರೆಯುತ್ತಿತ್ತು. ಬಂದವರು ಉದ್ದವಾದ ಅರ್ಜಿಯನ್ನು ತುಂಬಬೇಕು. ಸಂವಿಧಾನದ ಭಾಗವನ್ನು ಓದಿ ವಿವರಿಸಬೇಕು. ಸರಕಾರದ ರಚನೆಯನ್ನು ಕುರಿತ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಉತ್ತರವು ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಅಧಿಕಾರಿ. ಅಕ್ಷರ ಬಾರದ ಬಿಳಿಯನು ತೇರ್ಗಡೆಯಾಗಬಹುದಾಗಿತ್ತು. ಪದವಿ ಪಡೆದ ಕಪ್ಪು ಉಪಾಧ್ಯಾಯನು ಅನುತ್ತೀರ್ಣನಾಗಬಹುದಾಗಿತ್ತು. ಇಷ್ಟಕ್ಕೂ ಮಿಗಿಲಾದುದು ಭಯ. ಅರ್ಜಿ ಹಾಕಲು ಸಾಲಿನಲ್ಲಿ ನಿಂತವನಿಗೆ ಮರುದಿನ ಕೆಲಸವಿರುತ್ತದೆಂಬ ಭರವಸೆ ಇರಲಿಲ್ಲ.

ಈ ಅನ್ಯಾಯವನ್ನು ಮೊದಲು ಎದುರಿಸಿದವರು ಸೆಲ್ಮಾದ ಸಾಮಾನ್ಯ ಜನರೇ. ಅಮೀಲಿಯಾ ಬಾಯಿಂಟನ್ ಎಂಬ ಮಹಿಳೆ ಅನೇಕ ವರ್ಷಗಳಿಂದ ತಮ್ಮ ಜನರಿಗೆ ಅರ್ಜಿ ತುಂಬುವುದನ್ನು ಕಲಿಸುತ್ತಿದ್ದರು. 1963ರಿಂದ ವಿದ್ಯಾರ್ಥಿ ಸಂಘಟನೆಯ ತರುಣರು ಅವರ ಜೊತೆಗೂಡಿದರು. 1965ರ ಜನವರಿಯಲ್ಲಿ, ಅವರ ಕರೆಗೆ ಓಗೊಟ್ಟು, ಮಾರ್ಟಿನ್ ಲೂಥರ್ ಕಿಂಗ್ ಸೆಲ್ಮಾಕ್ಕೆ ಬಂದರು. ಕಿಂಗ್ ಅವರು ಗಾಂಧೀಜಿಯವರ ಅಹಿಂಸಾಮಾರ್ಗವನ್ನು ನಂಬಿದವರು. 1959ರಲ್ಲಿ ಭಾರತಕ್ಕೆ ಬಂದು ಹೋದವರು. ಹಿಂದಿನ ವರ್ಷವಷ್ಟೆ ಅವರಿಗೆ ಶಾಂತಿಗಾಗಿ ನೊಬೆಲ್ ಪಾರಿತೋಷಕವು ಸಂದಿತ್ತು.

ಜನವರಿ 22ರಂದು ಸೆಲ್ಮಾ ಹಿಂದೆಂದೂ ಕಾಣದ ದೃಶ್ಯವೊಂದನ್ನು ಕಂಡಿತು. ಕಪ್ಪು ಜನರ ಶಾಲೆಗಳ ನೂರಕ್ಕೂ ಹೆಚ್ಚು ಉಪಾಧ್ಯಾಯರು, ಫ್ರೆಡರಿಕ್ ರೀಸ್ ಎಂಬ ಉಪಾಧ್ಯಾಯರ ಮುಂದಾಳುತನದಲ್ಲಿ, ಸಾಲಾಗಿ ನ್ಯಾಯಾಲಯದ ಕಟ್ಟಡದತ್ತ ನಡೆದರು. ಅವರ ಸಂಬಳ ಬಿಳಿಯರ ಆಡಳಿತದ ಕೈಯಲ್ಲಿತ್ತು. ಸೆರೆಮನೆಗೂ ಸಿದ್ಧರೆಂಬುದರ ಗುರುತಾಗಿ ಕೆಲವರು ಹಲ್ಲುಜ್ಜುವ ಬ್ರಷ್ಷನ್ನು ಜೊತೆಗೆ ತಂದಿದ್ದರು. ಷೆರೀಫನೂ ಅವನ ಸಹಾಯಕರೂ ಅವರನ್ನು ಮೆಟ್ಟಿಲುಗಳ ಮೇಲಿಂದ ಹಿಂದಕ್ಕೆ ನೂಕಿದರು. ಅವರು ಮತ್ತೆ ಮೆಟ್ಟಿಲೇರಿದರು. ತಮಗೆ ಪೌರನೀತಿಯನ್ನು ಬೋಧಿಸುವ ಗುರುಗಳಿಗೇ ಮತದ ಹಕ್ಕಿಲ್ಲವೆಂಬುದನ್ನು ವಿದ್ಯಾರ್ಥಿಗಳು ಕಂಡರು. ಗುರುಗಳು ಅಂದು ಕಲಿಸಿದ ಪಾಠವು ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಆಗ ಅಮೆರಿಕದ ಅಧ್ಯಕ್ಷರಾಗಿದ್ದವರು ಲಿಂಡನ್ ಜಾನ್ಸನ್. ಅವರು ದಕ್ಷಿಣದ ಟೆಕ್ಸಾಸ್ ರಾಜ್ಯದವರು. ಕಾಂಗ್ರೆಸ್ಸಿನ, ಎಂದರೆ ಅಮೆರಿಕದ ಸಂಸತ್ತಿನ, ಸದಸ್ಯರಾಗಿದ್ದ ಮೊದಲ ಇಪ್ಪತ್ತು ವರ್ಷಗಳಲ್ಲಿ ಅವರು ಕಪ್ಪು ಜನರ ಹಕ್ಕುಗಳ ಮಸೂದೆಗಳನ್ನು ವಿರೋಧಿಸಿದ್ದರು. ಕಾಲಕ್ರಮದಲ್ಲಿ ಅವರ ನಿಲುವು ಬದಲಾಯಿತು. ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಿಷೇಧಿಸಿದ 1964ರ ಪೌರಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದವರು ಅವರೇ. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಕಿಂಗ್ ಅವರು ಮತದಾನದ ಹಕ್ಕಿನ ವಿಷಯವನ್ನೆತ್ತಿದಾಗ, ಇಷ್ಟು ಬೇಗ ಇನ್ನೊಂದು ಮಸೂದೆಗೆ ಕಾಂಗ್ರೆಸ್ಸು ಒಪ್ಪಲಾರದೆಂಬುದು ಜಾನ್ಸನ್ನರ ಉತ್ತರವಾಗಿತ್ತು. ಕಾಯುವಂತೆ ಹೇಳುವುದು ಅಧಿಕಾರದಲ್ಲಿರುವವರಿಗೆ ಸುಲಭ. ಕಾದವರಿಗೆ ಆಗಲೇ ತೊಂಬತ್ತೈದು ವರ್ಷಗಳು ಕಳೆದುಹೋಗಿದ್ದವು.

ಫೆಬ್ರುವರಿ 18ರ ರಾತ್ರಿ, ಸೆಲ್ಮಾಕ್ಕೆ ಸಮೀಪದ ಮೇರಿಯನ್ ಎಂಬ ಊರಿನಲ್ಲಿ ಮೆರವಣಿಗೆಯೊಂದರ ಮೇಲೆ ಪೊಲೀಸರು ಬಿದ್ದರು. ತಾಯಿಯನ್ನೂ ಅಜ್ಜನನ್ನೂ ಪೆಟ್ಟಿನಿಂದ ಕಾಪಾಡಲು ಹೋದ ಜಿಮ್ಮಿ ಲೀ ಜಾಕ್ಸನ್ ಎಂಬ ಇಪ್ಪತ್ತಾರು ವರ್ಷದ ತರುಣನಿಗೆ ಪೊಲೀಸನೊಬ್ಬನು ಗುಂಡು ಹೊಡೆದನು. ಎಂಟು ದಿನಗಳ ಮೇಲೆ ಆತನು ತೀರಿಕೊಂಡನು. ಈ ಅನ್ಯಾಯವನ್ನು ರಾಜ್ಯಪಾಲನ ಬಾಗಿಲಿಗೇ ಒಯ್ಯಬೇಕೆಂದು ಜನರು ನಿಶ್ಚಯಿಸಿದರು. ರಾಜಧಾನಿಯಾದ ಮಾಂಟ್‌ಗೊಮೆರಿಯು ಅಲ್ಲಿಂದ 54 ಮೈಲಿಗಳ ದೂರ.

ಮಾರ್ಚ್ 7, ಭಾನುವಾರ. ಸುಮಾರು ಆರುನೂರು ಮಂದಿ ಇಬ್ಬಿಬ್ಬರಾಗಿ ಸಾಲುಗಟ್ಟಿ ಹೊರಟರು. ಮುಂದೆ ನಡೆದವರು ಹೋಸಿಯಾ ವಿಲಿಯಮ್ಸ್ ಮತ್ತು ಇಪ್ಪತ್ತೈದು ವರ್ಷದ ಜಾನ್ ಲೂಯಿಸ್. ನದಿಗೆ ಅಡ್ಡಲಾಗಿ ಎಡ್ಮಂಡ್ ಪೆಟಸ್ ಸೇತುವೆ ಇತ್ತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಕಾದಾಡಿದ ದಕ್ಷಿಣದ ಸೈನ್ಯದ ಸೇನಾಪತಿಯೊಬ್ಬನ ಹೆಸರು ಅದು. ಸೇತುವೆಯ ನಡುಭಾಗ ಎತ್ತರವಾಗಿದ್ದುದರಿಂದ, ಅಲ್ಲಿಗೆ ಬರುವವರೆಗೂ ಆಚೆಯ ತುದಿ ಕಾಣುತ್ತಿರಲಿಲ್ಲ. ಏರಿ ನೋಡಿದರೆ, ಎದುರಿಗೆ ರಾಜ್ಯದ ಪೊಲೀಸರು ರಸ್ತೆಗೆ ಅಡ್ಡಲಾಗಿ ನಿಂತಿದ್ದರು. ಪಕ್ಕದಲ್ಲಿ ಷೆರೀಫನ ಕುದುರೆ ಸವಾರರು. ಯಾರೊಬ್ಬರೂ ಹಿಂದಿರುಗಲಿಲ್ಲ. ಚದುರಲು ಪೊಲೀಸರು ಎರಡು ನಿಮಿಷಗಳ ಗಡುವು ಕೊಟ್ಟರು. ಅದು ತೀರುವ ಮೊದಲೇ ಮೇಲೆ ಬಿದ್ದರು. ಅಶ್ರುವಾಯು, ಲಾಠಿ, ಕುದುರೆಗಳ ಗೊರಸು — ಎಲ್ಲವೂ ನಿರಾಯುಧರ ಮೇಲೆ ಎರಗಿದವು. ಲೂಯಿಸ್ ಅವರ ತಲೆಬುರುಡೆ ಬಿರಿಯಿತು. ಅಮೀಲಿಯಾ ಬಾಯಿಂಟನ್ ಪೆಟ್ಟು ತಿಂದು ಪ್ರಜ್ಞೆ ತಪ್ಪಿ ಬಿದ್ದರು. ಆ ದಿನಕ್ಕೆ ‘ರಕ್ತಸಿಕ್ತ ಭಾನುವಾರ’ ಎಂಬ ಹೆಸರು ಬಂದಿತು.

ಹೊಡೆದವರು ಒಂದು ಸಂಗತಿಯನ್ನು ಮರೆತಿದ್ದರು. ಅಲ್ಲಿ ದೂರದರ್ಶನದ ಕ್ಯಾಮರಾಗಳಿದ್ದವು. ಅದೇ ರಾತ್ರಿ ದೇಶದ ಕೋಟ್ಯಂತರ ಜನರು ತಮ್ಮ ಮನೆಗಳಲ್ಲಿ ಕುಳಿತು ಆ ದೃಶ್ಯವನ್ನು ಕಂಡರು. ಅನೇಕ ನಗರಗಳಲ್ಲಿ ಪ್ರತಿಭಟನೆಗಳು ನಡೆದವು. ಕಿಂಗ್ ಅವರ ಕರೆಯಂತೆ ಪಾದ್ರಿಗಳೂ ಭಗಿನಿಯರೂ ಸೆಲ್ಮಾಕ್ಕೆ ಧಾವಿಸಿದರು. ಅವರಲ್ಲಿ ಒಬ್ಬರಾದ ಜೇಮ್ಸ್ ರೀಬ್ ಎಂಬ ಬಿಳಿಯ ಪಾದ್ರಿಯನ್ನು ದುಷ್ಕರ್ಮಿಗಳು ದೊಣ್ಣೆಯಿಂದ ಬಡಿದರು. ಮಾರ್ಚ್ 11ರಂದು ಅವರು ಅಸುನೀಗಿದರು. ಅಧ್ಯಕ್ಷರು ಇನ್ನು ಸುಮ್ಮನಿರುವಂತಿರಲಿಲ್ಲ.

ಮಾರ್ಚ್ 15, ಸೋಮವಾರ ರಾತ್ರಿ, ಜಾನ್ಸನ್ ಅವರು ಕಾಂಗ್ರೆಸ್ಸಿನ ಉಭಯ ಸದನಗಳ ಮುಂದೆ ನಿಂತರು. ಇಡೀ ದೇಶ ಅವರ ಮಾತನ್ನು ಆಲಿಸುತ್ತಿತ್ತು. ಅಮೆರಿಕದ ಸ್ವಾತಂತ್ರ್ಯಸಮರದ ರಣಭೂಮಿಗಳ ಸಾಲಿನಲ್ಲಿ ಅವರು ಸೆಲ್ಮಾದ ಹೆಸರನ್ನು ಸೇರಿಸಿದರು. ಇದು ಕಪ್ಪು ಜನರ ಸಮಸ್ಯೆಯಲ್ಲ, ದಕ್ಷಿಣದವರ ಸಮಸ್ಯೆಯೂ ಅಲ್ಲ, ಇಡೀ ಅಮೆರಿಕದ ಸಮಸ್ಯೆ ಎಂದು ಸಾರಿದರು. ಕಪ್ಪು ಜನರ ಧ್ಯೇಯವು ಎಲ್ಲರ ಧ್ಯೇಯವಾಗಬೇಕು, ಮತಾಂಧತೆ ಮತ್ತು ಅನ್ಯಾಯಗಳ ಪರಂಪರೆಯನ್ನು ಗೆಲ್ಲಬೇಕಾದವರು ಎಲ್ಲರೂ ಎಂದರು. ಆ ಬಳಿಕ ಕ್ಷಣಕಾಲ ತಡೆದು, ಚಳವಳಿಗಾರರು ಬೀದಿಗಳಲ್ಲಿಯೂ ಸೆರೆಮನೆಗಳಲ್ಲಿಯೂ ಕೈಕೈ ಹಿಡಿದು ಹಾಡುತ್ತಿದ್ದ ‘ವಿ ಶಲ್ ಓವರ್‌ಕಮ್’ ಎಂಬ ಹಾಡಿನ ಹೆಸರನ್ನೇ ತಮ್ಮ ಮಾತಾಗಿ ಉಚ್ಚರಿಸಿದರು. ಸಭೆಯಲ್ಲಿ ಬಹುಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದಕ್ಷಿಣದ ಕೆಲವು ಸದಸ್ಯರು ಕುಳಿತಲ್ಲಿಂದ ಕದಲಲಿಲ್ಲ.

ಭಾಷಣದ ಕೊನೆಯ ಭಾಗದಲ್ಲಿ ಅಧ್ಯಕ್ಷರು ತಮ್ಮ ತಾರುಣ್ಯದ ಒಂದು ನೆನಪನ್ನು ತೆಗೆದರು. 1928ರಲ್ಲಿ ಅವರು ಟೆಕ್ಸಾಸಿನ ಕೊಟುಲ್ಲಾ ಎಂಬ ಊರಿನಲ್ಲಿ, ಮೆಕ್ಸಿಕೊ ಮೂಲದ ಬಡ ಮಕ್ಕಳ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಆ ಮಕ್ಕಳು ಎಷ್ಟೋ ದಿನ ಬೆಳಗಿನ ಆಹಾರವಿಲ್ಲದೆ ಹಸಿದು ತರಗತಿಗೆ ಬರುತ್ತಿದ್ದರು. ಜನರು ತಮ್ಮನ್ನು ಏಕೆ ದ್ವೇಷಿಸುತ್ತಾರೆಂಬುದು ತಿಳಿಯದಿದ್ದರೂ ದ್ವೇಷಿಸುತ್ತಾರೆಂಬುದು ಅವರಿಗೆ ತಿಳಿದಿತ್ತು. ಅಂತಹ ಮಕ್ಕಳಿಗೆ ನೆರವಾಗುವ ಅವಕಾಶವು ಒದಗುವುದೆಂದು ಅಂದು ತಾವು ಕನಸಿನಲ್ಲಿಯೂ ಎಣಿಸಿರಲಿಲ್ಲ. ಈಗ ಅವಕಾಶವಿದೆ, ಅದನ್ನು ಬಳಸುವುದೇ ಸಿದ್ಧ ಎಂದು ಅವರು ಹೇಳಿದರು. ಈ ಹೋರಾಟದ ನಿಜವಾದ ವೀರರು ಕಪ್ಪು ಜನರೇ ಎಂಬುದನ್ನೂ ಅವರು ಒಪ್ಪಿಕೊಂಡರು.

ಕಿಂಗ್ ಅವರು ಸೆಲ್ಮಾದಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಕುಳಿತು ಈ ಭಾಷಣವನ್ನು ದೂರದರ್ಶನದಲ್ಲಿ ನೋಡುತ್ತಿದ್ದರು. ಅವರ ಕಣ್ಣಿನಿಂದ ನೀರು ಹರಿದುದನ್ನು ಪಕ್ಕದಲ್ಲಿದ್ದ ಜಾನ್ ಲೂಯಿಸ್ ಬಹುಕಾಲ ನೆನೆಯುತ್ತಿದ್ದರು.

ದೇಶದ ಅಧ್ಯಕ್ಷರ ಮಾತಿಗೆ ಏಕೆ ಇಷ್ಟು ತೂಕ? ಸಾಮಾನ್ಯ ಪ್ರಜೆಯು ಸತ್ಯವನ್ನು ನುಡಿದರೆ ಅದು ದೂರು. ಅದನ್ನೇ ರಾಷ್ಟ್ರದ ಮುಖ್ಯಸ್ಥನು ನುಡಿದರೆ ಅದು ರಾಷ್ಟ್ರದ ಸಂಕಲ್ಪವಾಗಿ ತೋರುತ್ತದೆ. ಅವನ ಮೌನಕ್ಕೂ ಅರ್ಥವಿದೆ. ಶಾಲೆಗಳಲ್ಲಿ ವರ್ಣಭೇದವು ಸಂವಿಧಾನಕ್ಕೆ ವಿರುದ್ಧವೆಂದು 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಾಗ ಅಧ್ಯಕ್ಷ ಐಸೆನ್‌ಹೋವರ್ ಅದನ್ನು ಬಹಿರಂಗವಾಗಿ ಸಮರ್ಥಿಸಲಿಲ್ಲ. 1957ರಲ್ಲಿ ಅವರೇ ಲಿಟಲ್ ರಾಕ್ ನಗರಕ್ಕೆ ಸೈನ್ಯವನ್ನು ಕಳುಹಿಸಿ ಆ ತೀರ್ಪನ್ನು ಜಾರಿಗೊಳಿಸಬೇಕಾಯಿತು. 1963ರ ಜೂನ್ 11ರಂದು ಅಧ್ಯಕ್ಷ ಕೆನಡಿಯವರು ಪೌರಹಕ್ಕುಗಳ ಪ್ರಶ್ನೆಯು ನೈತಿಕ ಪ್ರಶ್ನೆಯೆಂದು ದೇಶಕ್ಕೆ ಹೇಳಿದರು. ಮುಂದಿನ ವರ್ಷದ ಕಾಯಿದೆಗೆ ಅದು ಬುನಾದಿಯಾಯಿತು.

ಆದರೆ ಮಾತು ಕೃತಿಯಾಗದಿದ್ದರೆ ಅದು ಗಾಳಿಯ ಪಾಲು. ಜಾನ್ಸನ್ನರ ಮಾತು ಕೃತಿಯಾಯಿತು. ಮಾರ್ಚ್ 21ರಂದು ಜನರು ನ್ಯಾಯಾಲಯದ ಅನುಮತಿಯೊಡನೆ ಮತ್ತೆ ಅದೇ ಸೇತುವೆಯನ್ನು ದಾಟಿದರು. ಈ ಬಾರಿ ಅಧ್ಯಕ್ಷರ ಆಜ್ಞೆಯಂತೆ ಸೈನಿಕರು ಅವರಿಗೆ ಕಾವಲಿದ್ದರು. ಮಾರ್ಚ್ 25ರಂದು ಸುಮಾರು ಇಪ್ಪತ್ತೈದು ಸಾವಿರ ಜನರು ಮಾಂಟ್‌ಗೊಮೆರಿಯಲ್ಲಿ ನೆರೆದರು. ಆಗಸ್ಟ್ 6ರಂದು ಮತದಾನದ ಹಕ್ಕುಗಳ ಕಾಯಿದೆಗೆ ಅಧ್ಯಕ್ಷರ ಅಂಕಿತವಾಯಿತು. ದಕ್ಷಿಣದ ರಾಜ್ಯಗಳಲ್ಲಿ ಅಕ್ಷರಪರೀಕ್ಷೆಗಳು ನಿಂತವು. ಹೆಸರು ನೋಂದಾಯಿಸಲು ಕೇಂದ್ರ ಸರಕಾರದ ಅಧಿಕಾರಿಗಳು ಬಂದರು. ಆ ವರ್ಷದ ಕೊನೆಯೊಳಗೆ ಸುಮಾರು ಎರಡೂವರೆ ಲಕ್ಷ ಕಪ್ಪು ಜನರು ಹೊಸದಾಗಿ ಮತದಾರರಾದರು. ಮರುವರ್ಷದ ಚುನಾವಣೆಯಲ್ಲಿ ಸೆಲ್ಮಾದ ಆ ಷೆರೀಫನೇ ಸೋತನು.

ಒಂದು ಭಾಷಣದಿಂದ ದ್ವೇಷವು ಅಳಿಯಲಿಲ್ಲ. ಮೆರವಣಿಗೆ ಮುಗಿದ ರಾತ್ರಿಯೇ, ಜನರನ್ನು ತನ್ನ ಕಾರಿನಲ್ಲಿ ಊರಿಗೆ ಮುಟ್ಟಿಸುತ್ತಿದ್ದ ವಯೋಲಾ ಲಿಯುಜೊ ಎಂಬ ಬಿಳಿಯ ಮಹಿಳೆ ಕೊಲೆಗಡುಕರ ಗುಂಡಿಗೆ ಬಲಿಯಾದರು. ಕಾಯಿದೆಯೂ ಶಾಶ್ವತವಾದ ಕೋಟೆಯಲ್ಲ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಒಂದು ಮುಖ್ಯ ಭಾಗವನ್ನು ರದ್ದುಪಡಿಸಿತು. ಗಳಿಸಿದ ಹಕ್ಕನ್ನು ಕಾಯುವ ಕೆಲಸ ಪ್ರತಿಯೊಂದು ತಲೆಮಾರಿನದೂ ಹೌದು.

2015ರ ಮಾರ್ಚ್ 7ರಂದು, ಐವತ್ತು ವರ್ಷಗಳ ಬಳಿಕ, ಅಮೆರಿಕದ ಮೊದಲ ಕಪ್ಪು ಅಧ್ಯಕ್ಷರಾದ ಬರಾಕ್ ಒಬಾಮ ಆ ಸೇತುವೆಯ ಮೇಲೆ ನಡೆದರು. ಅವರ ಒಂದು ಕಡೆಗೆ ಕಾಂಗ್ರೆಸ್ಸಿನ ಸದಸ್ಯರಾಗಿದ್ದ ಜಾನ್ ಲೂಯಿಸ್. ಇನ್ನೊಂದು ಕಡೆಗೆ, ಗಾಲಿಕುರ್ಚಿಯಲ್ಲಿ, ನೂರು ವರ್ಷ ದಾಟಿದ್ದ ಅಮೀಲಿಯಾ ಬಾಯಿಂಟನ್. ಅಧ್ಯಕ್ಷರು ಆ ವೃದ್ಧೆಯ ಕೈಯನ್ನು ಹಿಡಿದಿದ್ದರು. ಅಧ್ಯಕ್ಷರ ಮಾತು ಕಾನೂನನ್ನು ತಂದಿತು, ನಿಜ; ಆದರೆ ಅಂತಹ ಮಾತನ್ನು ಅಧ್ಯಕ್ಷರಿಂದ ಆಡಿಸಿದುದು ಆ ಕೈಯಂತಹ ಸಾವಿರಾರು ಕೈಗಳು.

ಪದಗಳ ಅರ್ಥ

ಅಂಕೆ – ಹತೋಟಿ. ಗಡುವು – ಗೊತ್ತುಪಡಿಸಿದ ಅವಧಿ. ಅಸುನೀಗು – ಪ್ರಾಣ ಬಿಡು. ಉಭಯ – ಎರಡೂ. ಅಂಕಿತ – ಸಹಿ. ಷೆರೀಫ – ಕೌಂಟಿಯ ಪೊಲೀಸು ಮುಖ್ಯಾಧಿಕಾರಿ.

ಅಭ್ಯಾಸ

1. ಕಪ್ಪು ಜನರು ಮತದಾರರಾಗದಂತೆ ಸೆಲ್ಮಾದಲ್ಲಿ ಯಾವ ಉಪಾಯಗಳನ್ನು ಬಳಸಲಾಗುತ್ತಿತ್ತು?
2. ಉಪಾಧ್ಯಾಯರ ಮೆರವಣಿಗೆಯಿಂದ ವಿದ್ಯಾರ್ಥಿಗಳು ಕಲಿತ ಪಾಠವೇನು?
3. ಅಧ್ಯಕ್ಷ ಜಾನ್ಸನ್ ಅವರು ಕೊಟುಲ್ಲಾದ ಮಕ್ಕಳನ್ನು ನೆನೆದುದೇಕೆ?
4. ‘ಅವನ ಮೌನಕ್ಕೂ ಅರ್ಥವಿದೆ’ — ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.
5. ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ಬರೆಯಿರಿ: ‘ಕಾಯುವಂತೆ ಹೇಳುವುದು ಅಧಿಕಾರದಲ್ಲಿರುವವರಿಗೆ ಸುಲಭ.’